ನಾಯಿದೊಡ್ಡಿಗೊಂದು ಕಾಯಿದೆ

ಪಂಚಾಯತಿ ಬೋರ್ಡಿನಲ್ಲಿ ನನಗೊಂದು ಕುರ್ಚಿ ಸಿಕ್ಕಿದ್ದು ನನ್ನ ಬುದ್ಧಿವಂತಿಕೆಗಲ್ಲ. ಆಗ ಮದರಾಸು ಸರ್ಕಾರದ ಆಳ್ವಿಕೆ. ಊರ ಬೋರ್ಡುಗಳಲ್ಲಿ ಒಬ್ಬ ಹೆಂಗಸಾದರೂ ಇರಲಿ ಎಂಬ ಮಾತು ಮೇಲಿನಿಂದ ಬಂದಿತ್ತು. ಓದು ಬರಹ ಬಲ್ಲ, ಗಂಡಸರ ನಡುವೆ ಕೂತರೆ ಊರವರು ಆಡಿಕೊಳ್ಳದಷ್ಟು ವಯಸ್ಸಾದ, ಗಂಡ ಬೇಡ ಎನ್ನದ ಹೆಂಗಸನ್ನು ಹುಡುಕಿದರೆ ನಮ್ಮೂರಲ್ಲಿ ಸಿಗುತ್ತಿದ್ದವಳು ನಾನೊಬ್ಬಳೇ. ನಮ್ಮವರು ಹೊಸಪೇಟೆಯ ಕೋರ್ಟಿನಲ್ಲಿ ವಕೀಲರು. ಬೋರ್ಡಿನ ಪ್ರೆಸಿಡೆಂಟರು ಮನೆಗೇ ಬಂದು, ಜಗುಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು ಹೇಳಿದರು:

"ನೀವು ಏನೂ ಮಾಡಾದು ಬ್ಯಾಡ್ರಿ ಅಮ್ಮಾರೆ. ತಿಂಗಳಿಗೊಮ್ಮೆ ಬಂದು ಕುಂದ್ರಿ, ಸೈ ಹಾಕ್ರಿ, ಅಷ್ಟ ಸಾಕು."

ಹೆತ್ತು, ಸಾಕಿ, ಇಡೀ ಮನೆತನ ನಡೆಸಿದವಳಿಗೆ ಏನೂ ಮಾಡುವುದು ಬೇಡ ಎನ್ನುತ್ತಾರಲ್ಲ ಎಂದು ಅವತ್ತೇ ಮೈ ಉರಿಯಿತು. ಆದರೂ ಹೂಂ ಎಂದೆ.

ಊರಿನ ಹೆಸರು ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ, ಅವರೇನೂ ತಪ್ಪು ಮಾಡಿಲ್ಲ. ಹೊಸಪೇಟೆಯಿಂದ ಕಂಪ್ಲಿಯ ಕಡೆ ಹೋಗುವ ಸೀಮೆಯಲ್ಲಿ, ಹಿಂದಿನ ಅರಸರು ತೋಡಿಸಿದ ಕಾಲುವೆಗೆ ಒತ್ತಿಕೊಂಡಿದ್ದ ಊರು ಎಂದರೆ ಸಾಕು. ಕುಡಿಯುವುದು, ಮೀಯುವುದು, ಬಟ್ಟೆ ಒಗೆಯುವುದು, ಗದ್ದೆಗೆ ಹಾಯಿಸುವುದು ಎಲ್ಲ ಅದೇ ನೀರು. ಕಾಲುವೆ ಊರನ್ನು ಹೊಗುವ ತಲೆಯ ಕಡೆ ಸಾಹುಕಾರರ ಅಕ್ಕಿ ಗಿರಣಿ ಇತ್ತು. ಗಿರಣಿಯ ಹಿಂದೆ ಅವರ ನಾಯಿದೊಡ್ಡಿ.

ಸಾಹುಕಾರರಿಗೆ ಅಕ್ಕಿಗಿಂತ ನಾಯಿಗಳ ಮೇಲೆ ಹೆಚ್ಚು ಅಭಿಮಾನ. ಮುಧೋಳದ ಕಡೆಯ ಉದ್ದ ಮುಖದ, ಬಳುಕುವ ನಡುವಿನ ಬೇಟೆನಾಯಿಗಳನ್ನೂ, ಮದರಾಸಿನಿಂದ ರೈಲಿನಲ್ಲಿ ತರಿಸಿದ ವಿಲಾಯತಿ ನಾಯಿಗಳನ್ನೂ ಕೂಡಿಸಿ ಮರಿ ಮಾಡಿಸುತ್ತಿದ್ದರು. ಬಳ್ಳಾರಿಯ ದೊರೆಗಳು, ಸುತ್ತಲಿನ ಜಮೀನುದಾರರು ಶಿಕಾರಿಗೆಂದು ಕೊಂಡೊಯ್ಯುತ್ತಿದ್ದರು. ಬೇಸಿಗೆಯಲ್ಲಿ ತುಂಗಭದ್ರೆ ಬತ್ತಿ ಮರಳು ತೆರೆದಾಗ ಕಂಪ್ಲಿಯ ಕೆಳಗೆ ಡೇರೆ ಹಾಕಿ ಪಂದ್ಯ ನಡೆಸುತ್ತಿದ್ದರು. ಹಿಡಿದು ತಂದ ಮೊಲವನ್ನು ಬಿಟ್ಟು, ಅದರ ಹಿಂದೆ ಎರಡು ನಾಯಿಗಳನ್ನು ಬಿಡುವುದು. ಯಾವುದು ಮೊದಲು ಹಿಡಿಯಿತೋ ಅದರ ಯಜಮಾನನಿಗೆ ಚಪ್ಪಾಳೆ. ಮೊಲದ ಗತಿ ಕೇಳುವವರಿಲ್ಲ.

ಇಷ್ಟೆಲ್ಲ ಊರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಒಂದು ಬೆಳಿಗ್ಗೆ ಕಾಲುವೆಯಲ್ಲಿ ತೇಲಿ ಬಂತು.

ನಾನು ಕೊಡ ತೊಳೆಯುತ್ತಿದ್ದೆ. ಕೆಳಗಿನ ಸೋಪಾನದಲ್ಲಿ ನಾಲ್ಕಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅಕ್ಕಿಯ ಗೋಣಿಚೀಲವೊಂದು ಬಂದು ಕಲ್ಲಿಗೆ ತಗಲಿ ನಿಂತಿತು. ಯಾರೋ ಒಬ್ಬಳು, ಗಿರಣಿಯಿಂದ ಅಕ್ಕಿ ಬಿದ್ದು ಬಂದಿರಬೇಕು ಎಂದು ಆಸೆಯಿಂದ ಎಳೆದು ಬಾಯಿ ಬಿಚ್ಚಿದಳು. ಒಳಗೆ ನಾಯಿಮರಿಗಳು. ಕಣ್ಣು ಬಿಡದವು. ಒಂದರ ಮೇಲೊಂದು ಅಂಟಿಕೊಂಡು, ಒದ್ದೆ ಹತ್ತಿಯ ಉಂಡೆಗಳ ಹಾಗೆ. ಚೀಲದ ತಳದಲ್ಲಿ ಮುಳುಗಲಿ ಎಂದು ಹಾಕಿದ್ದ ಕಲ್ಲು ಚೀಲ ಹರಿದು ಜಾರಿಹೋಗಿತ್ತು.

ಹೆಂಗಸರು ಶಿವ ಶಿವ ಎಂದು ಹಿಂದೆ ಸರಿದರು. ಒಬ್ಬಳು ಮಾತ್ರ ಸರಿಯಲಿಲ್ಲ. ಅವಳು ಸಾಹುಕಾರರ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವನ ಹೆಂಡತಿ. ಗಂಡ ಹೆಂಡತಿ ಇಬ್ಬರೂ ಸಂಡೂರು ಸೀಮೆಯ ಬಂಡ್ರಿಯವರು, ಕೂಲಿ ಹುಡುಕಿ ಬಂದು ನಾಯಿದೊಡ್ಡಿಗೆ ಆತುಕೊಂಡ ತಗಡಿನ ಮನೆಯಲ್ಲಿದ್ದರು. ಅವಳು ಚೀಲದ ಬಾಯನ್ನು ಮತ್ತೆ ಕಟ್ಟುತ್ತ ನನ್ನ ಕಡೆ ನೋಡದೆ ಹೇಳಿದಳು:

"ನನ್ನ ಗಂಡನ ಕೈಲೇ ಹಾಕಿಸ್ಯಾರ್ರಿ ಅಮ್ಮಾರೆ. ಕಾಲು ಸೊಟ್ಟ ಇದ್ದವು, ಸಣ್ಣವು, ಪಂದ್ಯಕ್ಕ ಬರಲಾರದವು, ಎಲ್ಲಾ ಹಿಂಗ. ಹಾಕಿ ಬಂದ ದಿನ ಅಂವ ರೊಟ್ಟಿ ಮುಟ್ಟಂಗಿಲ್ಲ."

"ಒಲ್ಲೆ ಅನ್ನಬಾರದೇನು?" ಎಂದೆ.

"ಒಲ್ಲೆ ಅಂದ್ರ ಮನಿ ಬಿಡ್ರಿ ಅಂತಾರ. ಹೋಗಾದೆಲ್ಲಿಗ್ರಿ?"

ಅವತ್ತು ನಾನು ಕೊಡ ತುಂಬದೆ ಮನೆಗೆ ಹೋದೆ. ಆ ನೀರನ್ನೇ ನಾನು ದೇವರ ಪೂಜೆಗೆ ಮಡಿಯಲ್ಲಿ ತಂದು ಅಭಿಷೇಕ ಮಾಡಿದ್ದೆ, ಮಕ್ಕಳಿಗೆ ಕುಡಿಸಿದ್ದೆ. ಕೊಡ ತುಂಬದೆ ಬಂದದ್ದು ಅದಕ್ಕಲ್ಲ. ಕಣ್ಣು ಬಿಡುವುದಕ್ಕೂ ಅವಕಾಶ ಕೊಡದೆ, ಓಡಿ ಗೆಲ್ಲಲಾರದು ಎಂದು ತೀರ್ಮಾನಿಸಿದರಲ್ಲ, ಅದಕ್ಕೆ.

ಮರುದಿನ ಬೋರ್ಡಿನ ಸದಸ್ಯೆ ಎಂಬ ಅಧಿಕಾರ ಹಿಡಿದುಕೊಂಡು ನಾಯಿದೊಡ್ಡಿ ನೋಡಲು ಹೋದೆ. ಸಾಹುಕಾರರು ಸಂಕೋಚಪಡಲಿಲ್ಲ. ಸಂತೋಷದಿಂದಲೇ ಬರ್ರಿ ತಾಯೀ, ಬರ್ರಿ ಎಂದು ಕರೆದೊಯ್ದರು. ಮುಂದಿನ ಸಾಲಿನಲ್ಲಿ ಪಂದ್ಯದ ನಾಯಿಗಳು. ಅವಕ್ಕೆ ಗಾಳಿ, ಬೆಳಕು, ಹಾಸಲು ಭತ್ತದ ಹುಲ್ಲು. ದಿನಕ್ಕೆ ಹಾಲು, ಮೊಟ್ಟೆ, ಕುರಿಯ ಮಾಂಸ. ನೋಡಿಕೊಳ್ಳುವವನು ಅಲ್ಲೇ ಮೂಲೆಯಲ್ಲಿ ಕೂತು ಜೋಳದ ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದ. ನಮ್ಮನ್ನು ಕಂಡು ರೊಟ್ಟಿಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು ಎದ್ದು ನಿಂತ. ಸಣ್ಣ ದನಿಯ, ಎಲುಬು ಕಾಣುವ ಮನುಷ್ಯ. ನಾಯಿಗಳೆಲ್ಲ ಅವನ ಕಡೆಗೇ ಬಾಲ ಆಡಿಸುತ್ತಿದ್ದವು, ಸಾಹುಕಾರರ ಕಡೆಗಲ್ಲ.

ಹಿಂದಿನ ಸಾಲು ಕಲ್ಲುಚಪ್ಪಡಿಯ ಗೂಡುಗಳು. ಒಳಗೆ ಕತ್ತಲೆ, ಗಬ್ಬು ವಾಸನೆ. ಅಲ್ಲಿದ್ದವೆಲ್ಲ ಹೆಣ್ಣು. ಒಂದೊಂದರ ಮೊಲೆಯೂ ನೆಲಕ್ಕೆ ಜೋತು ಬಿದ್ದಿತ್ತು. ಪಕ್ಕೆಲುಬು ಎಣಿಸುವ ಹಾಗೆ ಎದ್ದು ಕಾಣುತ್ತಿದ್ದವು. ಒಂದು ನಾಯಿ ಎದ್ದು ನಿಲ್ಲಲು ಹೋಗಿ, ಸೋತು, ಮತ್ತೆ ಕುಸಿದು ಕೂತಿತು.

"ಇವುಕ್ಕ ಬಿಡುವು ಕೊಡಂಗಿಲ್ಲೇನ್ರಿ?" ಎಂದೆ.

"ಬಿಡುವು?" ಸಾಹುಕಾರರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಬೆದಿಗೆ ಬಂದಾಗೆಲ್ಲ ಕೂಡಸ್ತೀವಿ ತಾಯೀ. ಇವನ್ನೇನು ಪೂಜಾ ಮಾಡಾಕ ಇಟ್ಟೀವೇನು? ಹೆಣ್ಣು ಅಂದಮ್ಯಾಲ ಹಡೀಬೇಕಲ್ರೀ."

ನನ್ನ ಮುಖ ನೋಡಿಕೊಂಡೇ ಹೇಳಿದರು. ಹಡೆದು ಹಡೆದು ಮೂವತ್ತಕ್ಕೇ ಹಣ್ಣಾಗಿ ಸತ್ತ ನನ್ನ ಅಕ್ಕನ ನೆನಪಾಯಿತು. ಅವಳ ಮಾವನೂ ಇದೇ ಮಾತು ಆಡುತ್ತಿದ್ದ. ಅಲ್ಲಿಂದ ಬೇಗ ಹೊರಟೆ. ಇನ್ನೊಂದು ಕ್ಷಣ ಇದ್ದಿದ್ದರೆ ನಾಲಿಗೆ ಎಲ್ಲಿ ನಿಲ್ಲುತ್ತಿತ್ತೋ.

ಮನೆಗೆ ಬಂದು ನಮ್ಮವರಿಗೆ, "ಇದಕ್ಕೊಂದು ನಿಯಮ ಬರೆದುಕೊಡಿ, ಬೋರ್ಡಿನ ಮುಂದೆ ಇಡುತ್ತೇನೆ" ಎಂದೆ.

"ಅಂವ ನನ್ನ ಕಕ್ಷಿದಾರ ಇದ್ದಾನ ಮಾರಾಯ್ತಿ," ಎಂದರು. ಗಿರಣಿಯ ವ್ಯಾಜ್ಯವೊಂದು ಇವರ ಕೈಯಲ್ಲಿತ್ತು.

"ನಾಯಿಗಳೂ ನಿಮ್ಮ ಕಕ್ಷಿದಾರರೇನು?"

ಅವರು ನಕ್ಕರು. ಆದರೂ ಬರೆದುಕೊಟ್ಟರು. ವಕೀಲರ ಕೈಬರಹ, ಅಚ್ಚುಕಟ್ಟು. ನಾಯಿ ಸಾಕಿ ಮರಿ ಮಾರುವವನು ಬೋರ್ಡಿನ ಲೈಸೆನ್ಸ್ ಪಡೆಯಬೇಕು, ದೊಡ್ಡಿ ಊರ ಹೊರಗಿರಬೇಕು, ಹೆಣ್ಣು ನಾಯಿಗೆ ವರ್ಷಕ್ಕೊಂದು ಸೂಲಿಗಿಂತ ಹೆಚ್ಚು ಆಗಬಾರದು, ಸತ್ತದ್ದನ್ನಾಗಲಿ ಬದುಕಿದ್ದನ್ನಾಗಲಿ ಕಾಲುವೆಗೆ ಹಾಕಬಾರದು, ಕಾಯಿಲೆ ಬಿದ್ದ ನಾಯಿಯನ್ನು ದನದ ಡಾಕ್ಟರಿಗೆ ತೋರಿಸಬೇಕು, ಕೆಲಸದವನಿಗೆ ನಾಯಿ ಕಚ್ಚಿದರೆ ಯಜಮಾನನೇ ದವಾಖಾನೆಗೆ ಕಳಿಸಬೇಕು. ಕೊನೆಯದು ನಾನು ಹೇಳಿ ಬರೆಸಿದ್ದು.

ಬೋರ್ಡಿನ ಸಭೆಯಲ್ಲಿ ಓದಿದೆ. ಓದುವಾಗಲೇ ಒಬ್ಬರು ಶಲ್ಯ ಬಾಯಿಗೆ ಒತ್ತಿಕೊಂಡಿದ್ದರು. ಓದಿ ಮುಗಿಸಿದ ಮೇಲೆ ಇನ್ನೊಬ್ಬರು, "ಬಾಣಂತನಾನೂ ಬೋರ್ಡಿಂದನ ಮಾಡಿಸಿಬಿಡಾನು ಬಿಡ್ರಿ, ತೊಟ್ಟಿಲು ಹಾಕಾನು" ಎಂದರು. ಸಭೆಗೆ ಸಭೆಯೇ ನಕ್ಕಿತು. ಮನುಷ್ಯರಿಗೇ ದೀಪ ಇಲ್ಲ, ಚರಂಡಿ ಇಲ್ಲ, ನಾಯಿಗೆ ಕಾಯಿದೆ ಬೇಕಾಯಿತೇ ಎಂದು ಪ್ರೆಸಿಡೆಂಟರು ಮೆಲ್ಲಗೆ ಬುದ್ಧಿ ಹೇಳಿ, ಮುಂದಿನ ಸಭೆಗೆ ಇಡೋಣ ಎಂದರು. ಮುಂದಿನ ಸಭೆಯಲ್ಲಿ ಅದರ ಮುಂದಿನ ಸಭೆಗೆ ಇಟ್ಟರು. ದೀಪವನ್ನೂ ಹಾಕಲಿಲ್ಲ, ಚರಂಡಿಯನ್ನೂ ತೋಡಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಬೇಸಿಗೆ ಬಂತು. ಪಂದ್ಯಕ್ಕೆ ಮುಂಚೆ ನಾಯಿಗಳನ್ನು ಹದಗೊಳಿಸಲು ಸಂಡೂರಿನ ಗುಡ್ಡಗಳಿಂದ ಒಂದು ನರಿಯನ್ನು ಹಿಡಿಸಿ ತಂದಿದ್ದರಂತೆ. ಅದು ನಾಯಿಗಳ ಮೈಮೇಲೆ ಬಿದ್ದು, ಒಂದು ಗಬ್ಬದ ಹೆಣ್ಣು ನಾಯಿಯ ಮೂತಿ ಕಚ್ಚಿತ್ತು. ಕೆಲವು ವಾರಗಳಾದ ಮೇಲೆ ಆ ನಾಯಿ ಕೂಳು ಬಿಟ್ಟಿತು. ಜೊಲ್ಲು ಸುರಿಸುತ್ತ ಗೋಡೆ ಕಚ್ಚತೊಡಗಿತು. ನೋಡಿಕೊಳ್ಳುವವನು ಹೆದರಿ, ಇದನ್ನು ಹೊಡೆದು ಹಾಕಬೇಕು ಧಣಿ ಎಂದ. ಸಾಹುಕಾರರು ಒಪ್ಪಲಿಲ್ಲ. ಅದರ ಹೊಟ್ಟೆಯಲ್ಲಿದ್ದ ಮರಿಗಳನ್ನು ಆಗಲೇ ಒಬ್ಬ ದೊರೆಗೆ ಮಾತು ಕೊಟ್ಟಿದ್ದರು. ಬಿಸಿಲಿಗೆ ಹಂಗ ಮಾಡತೈತಿ, ತಣ್ಣೀರು ಹಾಕು ಎಂದರಂತೆ. ನೀರು ಹಾಕಲು ಹೋದವನ ಮುಂಗೈಯನ್ನು ಅದು ಎಲುಬಿಗೆ ನಾಟುವ ಹಾಗೆ ಕಚ್ಚಿತು.

ಇದನ್ನು ನನಗೆ ಹೇಳಿದವಳು ಅವನ ಹೆಂಡತಿ. ಗಾಯಕ್ಕೆ ಸುಣ್ಣ ಅರಿಶಿನ ಮೆತ್ತಿದ್ದಾರೆ, ಮಂತ್ರಿಸಿದ ದಾರ ಕಟ್ಟಿಸಿದ್ದಾರೆ, ಇನ್ನೇನೂ ಇಲ್ಲ ಎಂದು ಅಳುತ್ತ ಬಂದಳು. ಬಳ್ಳಾರಿಯ ದೊಡ್ಡ ದವಾಖಾನೆಯಲ್ಲಿ ಹುಚ್ಚುನಾಯಿ ಕಡಿತಕ್ಕೆ ಹೊಟ್ಟೆಗೆ ಸೂಜಿ ಹಾಕುತ್ತಾರೆಂದು ನಮಗೆ ಗೊತ್ತಿತ್ತು. ತಡ ಮಾಡಬಾರದು ಎನ್ನುವುದೂ ಗೊತ್ತಿತ್ತು. ನಾನು ಆಗಲೇ ಗಾಡಿ ಕಟ್ಟಿಸಿ, ಹೊಸಪೇಟೆಯ ರೈಲು ಹಿಡಿಸಬೇಕೆಂದು ಅವಳನ್ನು ಕೂಡಿಸಿಕೊಂಡು ನಾಯಿದೊಡ್ಡಿಗೆ ಹೋದೆ. ಅವನಿರಲಿಲ್ಲ. ಅವಳು ನಮ್ಮ ಮನೆಗೆ ಬಂದಿದ್ದಾಗಲೇ ನಾಯಿಗಳ ಜೊತೆ ಅವನನ್ನೂ ಲಾರಿಗೆ ಹತ್ತಿಸಿ ಕಂಪ್ಲಿಯ ಪಂದ್ಯಕ್ಕೆ ಒಯ್ದಿದ್ದರು.

ನಮ್ಮವರು ಕೋರ್ಟು ಬಿಟ್ಟು ಕಂಪ್ಲಿಗೆ ಹೋದರು. ನಾನೂ ಹೋದೆ, ಅವಳೂ ಬಂದಳು. ಹೊಳೆಯ ಮರಳಿನಲ್ಲಿ ಬಿಳಿ ಡೇರೆಗಳು, ಕುರ್ಚಿಗಳು, ದೊರೆಸಾನಿಯರ ಕೊಡೆಗಳು. ಆಗಷ್ಟೇ ಒಂದು ಮೊಲವನ್ನು ಬಿಟ್ಟಿದ್ದರು. ಅದು ನೇರ ಜನರ ಕಡೆಗೇ ಓಡಿ ಬಂತು. ಮನುಷ್ಯರ ಕಾಲ ಸಂದಿಯಲ್ಲಿ ಅಡಗಿದರೆ ಉಳಿಯಬಹುದು ಎಂದು ಅದಕ್ಕೆ ತೋಚಿರಬೇಕು. ಒಬ್ಬರು ಬೂಟಿನಿಂದ ಅದನ್ನು ಮತ್ತೆ ಬಯಲಿಗೆ ತಳ್ಳಿದರು. ಎಲ್ಲರೂ ಕೂಗಿದರು. ನಾನು ಮುಖ ತಿರುಗಿಸಿಕೊಂಡೆ, ಕಿವಿ ಮುಚ್ಚಿಕೊಳ್ಳಲಾಗಲಿಲ್ಲ. ಮೊಲಕ್ಕೂ ದನಿ ಇದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಸಾಹುಕಾರರು ಡೇರೆಯ ಹೊರಗೆ ಬಂದು ಮಾತಾಡಿದರು.

"ಕಳಸ್ತೀನ್ರಿ ವಕೀಲ್ರೆ, ಯಾರ್ ಬ್ಯಾಡ ಅಂದ್ರು? ಪಂದ್ಯ ಮುಗೀಲಿ. ಈಗ ಇಂವ ಹೋದ್ರ ನಾಯಿ ಬ್ಯಾರೇರ ಕೈಯಾಗ ನಿಲ್ಲಂಗಿಲ್ಲ."

"ಮನುಷ್ಯನ ಜೀವದ ಮಾತು ಇದು," ಎಂದರು ನಮ್ಮವರು.

"ಏ, ಅದೇನು ಹುಚ್ಚುನಾಯಿ ಅಲ್ರಿ. ಜಾತಿ ನಾಯಿ. ಜಾತಿ ನಾಯಿಗೆಲ್ಲಿ ಹುಚ್ಚು ಹಿಡಿತೈತಿ?"

ಹೆಂಡತಿ ಗಂಡನ ಕೈ ಹಿಡಿದು ಎಳೆದಳು. ಅವನು ಸಾಹುಕಾರರ ಮುಖ ನೋಡಿದ, ನಾಯಿಗಳ ಹಗ್ಗ ನೋಡಿದ. "ನೀ ಹೋಗಿರು. ಪಂದ್ಯ ಆಗ್ಲಿ, ಬರ್ತೀನಿ," ಎಂದ. ತಗಡಿನ ಮನೆಯಾದರೂ ಮನೆ. ಅದೂ ಹೋದರೆ ಬೀದಿ. ನಾವು ಅವನನ್ನು ಹೊತ್ತುಕೊಂಡು ಬರುವ ಹಾಗಿರಲಿಲ್ಲ.

ಪಂದ್ಯ ಎರಡು ವಾರ ನಡೆದು ಮುಗಿಯಿತು. ಸಾಹುಕಾರರ ನಾಯಿ ಗೆದ್ದಿತು, ಬೆಳ್ಳಿ ಬಟ್ಟಲು ಬಂತು. ಆಮೇಲೆ ನಾನೂ ಅವಳೂ ಅವನನ್ನು ಬಳ್ಳಾರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಗಾಯ ನೋಡಿ, ಯಾವಾಗ ಕಚ್ಚಿದ್ದು ಎಂದು ಕೇಳಿ, ಬಹಳ ತಡವಾಯಿತು ಎಂದರು. ನಾಯಿ ಏನಾಯಿತು ಎಂದರು. ಸತ್ತಿತು ಎಂದ ಅವನು. ಅದನ್ನು ಗಿರಣಿಯ ಹಿಂದೆ ಹೂಳಿಸಿ, ಹಾವು ಕಚ್ಚಿ ಸತ್ತಿತು ಎಂದು ಊರಿಗೆ ಹೇಳಿಸಿದ್ದರು. ಡಾಕ್ಟರು ಸೂಜಿ ಶುರು ಮಾಡಿದರು. ಅರ್ಧವೂ ಮುಗಿದಿರಲಿಲ್ಲ, ಅವನಿಗೆ ಗಾಳಿ ಸೋಕಿದರೆ ಗಂಟಲು ಸೆಳೆಯತೊಡಗಿತು.

ಅವನ ಸಾವನ್ನು ನಾನು ವಿವರಿಸುವುದಿಲ್ಲ. ನೀರು ಕೊಡು ಎಂದು ಕೈ ಮುಗಿಯುತ್ತಿದ್ದ. ಲೋಟ ಹತ್ತಿರ ತಂದರೆ ಮೈಯೆಲ್ಲ ಬಿಲ್ಲಾಗುತ್ತಿತ್ತು. ಹೆಂಡತಿ ಲೋಟ ಹಿಡಿದು ನಿಂತೇ ಇದ್ದಳು. ಅಷ್ಟು ಸಾಕು.

ಊರಿಗೆ ಮರಳಿದ ಮೇಲೆ ಸಾಹುಕಾರರು ಅವಳಿಗೆ ಒಂದು ಸೀರೆ, ಒಂದು ಮೂಟೆ ಅಕ್ಕಿ ಕಳಿಸಿದರು. ಅವಳು ಮೂಟೆಯನ್ನು ಗಿರಣಿಯ ಬಾಗಿಲಿಗೇ ಉರುಳಿಸಿ ಬಂದಳು. ಅದೇ ವಾರ ನಮ್ಮವರು ಸಾಹುಕಾರರ ವ್ಯಾಜ್ಯದ ಕಾಗದಗಳನ್ನೆಲ್ಲ ಕಟ್ಟಿ ವಾಪಸು ಕಳಿಸಿದರು. ನಾನು ಕೇಳಿಕೊಂಡಿರಲಿಲ್ಲ. ಊಟಕ್ಕೆ ಕೂತಾಗ, "ಇನ್ನ ಮ್ಯಾಲೆ ಅಂವ ನನ್ನ ಕಕ್ಷಿದಾರ ಅಲ್ಲ," ಎಂದಷ್ಟೇ ಹೇಳಿ ಸಾರು ಕಲಸಿದರು.

ಈಗ ಬೋರ್ಡಿಗೆ ಎಚ್ಚರವಾಯಿತು. ಮನುಷ್ಯ ಸತ್ತ ಸುದ್ದಿ ಹಬ್ಬಿ ಊರಲ್ಲಿ ಹೆದರಿಕೆ ಹುಟ್ಟಿತ್ತು. ತುರ್ತು ಸಭೆ ಕರೆದರು. ನನ್ನ ನಿಯಮವನ್ನು ಕೈಗೆತ್ತಿಕೊಳ್ಳುತ್ತಾರೆ ಎಂದುಕೊಂಡು ಹೋದೆ. ಅವರು ತಂದ ನಿಯಮವೇ ಬೇರೆ. ಕೊರಳಿಗೆ ಪಟ್ಟಿ ಇಲ್ಲದ ನಾಯಿಯನ್ನೆಲ್ಲ ವಿಷ ಹಾಕಿ ಕೊಲ್ಲುವುದು. ಪಟ್ಟಿ ಇದ್ದ ನಾಯಿಗೆ ಏನೂ ಮಾಡತಕ್ಕದ್ದಲ್ಲ.

"ಪಟ್ಟಿ ಇರುವುದು ಯಾರ ನಾಯಿಗೆ?" ಎಂದು ಕೇಳಿದೆ.

ಊರಲ್ಲಿ ಚರ್ಮದ ಪಟ್ಟಿ, ಹಿತ್ತಾಳೆ ಬಿಲ್ಲೆ ಇದ್ದದ್ದು ಸಾಹುಕಾರರ ನಾಯಿಗಳಿಗೆ ಮಾತ್ರ. ಕುರಿ ಕಾಯುವವರ ನಾಯಿಗೆ, ಗುಡಿಯ ಕಟ್ಟೆಯ ನಾಯಿಗೆ, ಬಡವರ ಬಾಗಿಲ ನಾಯಿಗೆ ಪಟ್ಟಿ ಯಾರು ಕಟ್ಟುತ್ತಾರೆ?

"ಆ ಮನುಷ್ಯನನ್ನು ಕಚ್ಚಿದ್ದು ಬೀದಿನಾಯಿಯಲ್ಲ. ನಿಮಗೆಲ್ಲ ಗೊತ್ತಿದೆ," ಎಂದೆ.

"ಅದು ಹಾವು ಕಚ್ಚಿ ಸತ್ತದ್ರಿ ಅಮ್ಮಾರೆ," ಎಂದರು ಪ್ರೆಸಿಡೆಂಟರು, ಮೇಜಿನ ಮೇಲಿದ್ದ ಶಾಯಿಯ ದೌತಿಯನ್ನು ನೋಡುತ್ತ.

ಕೈ ಎತ್ತಿಸಿದರು. ಬೇಡ ಎಂದು ಎತ್ತಿದ್ದು ನನ್ನದೊಂದೇ ಕೈ.

ಮಾಂಸದ ಉಂಡೆಯಲ್ಲಿ ವಿಷವಿಟ್ಟು ಎಸೆದರು. ಹಗಲೇ ಎಸೆದರು. ಬೀದಿಯಲ್ಲಿ ನಾಯಿಗಳು ಸೆಟೆದು, ಒದ್ದಾಡಿ, ಮಕ್ಕಳ ಕಣ್ಣೆದುರೇ ಸತ್ತವು. ಬುಕ್ಕಸಾಗರದ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಮುದುಕನೊಬ್ಬ ಸತ್ತ ತನ್ನ ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಬೋರ್ಡಿನ ಮುಂದೆ ಬಂದು ನಿಂತ. ಅವನಿಗೆ ಪಟ್ಟಿಯ ನಿಯಮ ಓದಿ ಹೇಳಿದರು. ಅವನು, "ನನಗ ಪಟ್ಟಿ ಇಲ್ಲರೀ, ನನ್ನೂ ಕೊಲ್ತೀರೇನು?" ಎಂದ. ಅವನನ್ನು ಹೊರಗೆ ಕಳಿಸಿದರು. ಕುರಿಗಳನ್ನು ತೋಳದಿಂದ ಕಾಯುವುದಕ್ಕೆ ಅವನಿಗಿದ್ದದ್ದು ಆ ನಾಯಿಯೊಂದೇ.

ಅವತ್ತು ಸಂಜೆ ಆ ವಿಧವೆ ನಮ್ಮ ಹಿತ್ತಿಲಿಗೆ ಬಂದಳು. ಗಂಡ ಸತ್ತ ಮೇಲೆ ತಗಡಿನ ಮನೆ ಬಿಡಿಸಿದ್ದರು, ನಮ್ಮ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದಳು. ಅವಳು ಅಳುತ್ತಿರಲಿಲ್ಲ.

"ಕಚ್ಚಿದ್ದು ಪಟ್ಟಿ ಕಟ್ಟಿದ ನಾಯಿ, ಸತ್ತವು ಪಟ್ಟಿ ಇಲ್ಲದವು. ಇದೆಂಥಾ ನ್ಯಾಯರೀ ಅಮ್ಮಾರೆ?" ಎಂದಳು. "ನೀವು ಓದಿದೋರು. ಹೇಳ್ರಿ."

"ಆರೋಗ್ಯದ ಅಧಿಕಾರಿಯೊಬ್ಬರು ಬಳ್ಳಾರಿಯಿಂದ ಊರು ನೋಡಲು ಬರುತ್ತಾರಂತೆ. ಅವರಿಗೆ ಹೇಳೋಣ," ಎಂದೆ.

"ಹೇಳಿದ್ರ ಕೇಳಂಗಿಲ್ಲ. ತೋರಿಸಬೇಕು," ಎಂದಳು.

ಅವಳು ಕಾಲುವೆಯ ಹೆಂಗಸರನ್ನೆಲ್ಲ ಒಟ್ಟುಗೂಡಿಸಿದಳು. ಹೊಸದಾಗಿ ಬಂದ ನಾಯಿ ನೋಡಿಕೊಳ್ಳುವವನೂ ಹಳೆಯ ಕೆಲಸವನ್ನೇ ಮಾಡುತ್ತಿದ್ದ, ಚೀಲಗಳು ಬರುತ್ತಲೇ ಇದ್ದವು. ಅಧಿಕಾರಿ ಬಂದ ದಿನ ಸರದಿಯ ಮೇಲೆ ಕಾದಿದ್ದು ಒಂದು ಚೀಲವನ್ನು ಹಿಡಿದರು. ಸಭೆ ನಡೆಯುತ್ತಿತ್ತು. ಅಧಿಕಾರಿಗೆ ಹಾರ ಹಾಕಿ, ಎಳನೀರು ಕೊಟ್ಟು, ಊರಿನ ಆರೋಗ್ಯ ಭಾಳ ಛಲೋ ಐತಿ ಎಂದು ಪ್ರೆಸಿಡೆಂಟರು ಹೇಳುತ್ತಿದ್ದರು. ಬಾಗಿಲಲ್ಲಿ ಗದ್ದಲವಾಯಿತು. ಒದ್ದೆ ಸೀರೆಯ ಹೆಂಗಸರು ಒಳಗೆ ಬಂದರು. ಮುಂದೆ ಅವಳು. ಚೀಲವನ್ನು ಮೇಜಿನ ಮುಂದಿನ ಜಮಖಾನದ ಮೇಲೆ ಇಳಿಸಿ ಬಾಯಿ ಬಿಚ್ಚಿದಳು.

"ಇದು ಏನು?" ಎಂದರು ಅಧಿಕಾರಿ. ತಮಿಳು ಸೀಮೆಯವರು, ಕನ್ನಡ ಅಷ್ಟಕ್ಕಷ್ಟೆ.

"ನಾವು ಕುಡಿಯೋ ನೀರಿಂದು, ಸ್ವಾಮೇರ," ಎಂದಳು.

ಪ್ರೆಸಿಡೆಂಟರು ಏನೋ ಹೇಳಲು ಬಾಯಿ ತೆರೆದರು. ನಾನು ಎದ್ದು ನಿಂತೆ. ದೊಡ್ಡಿ ಎಲ್ಲಿದೆ, ಕಾಲುವೆ ಎಲ್ಲಿ ಊರೊಳಗೆ ಬರುತ್ತದೆ, ಆ ಹೆಂಗಸಿನ ಗಂಡ ಹೇಗೆ ಸತ್ತ, ನನ್ನ ನಿಯಮ ಎಷ್ಟು ಸಭೆಗಳಿಂದ ಕೊಳೆಯುತ್ತಿದೆ, ಎಲ್ಲವನ್ನೂ ನನಗೆ ಬಂದಷ್ಟು ಇಂಗ್ಲಿಷಿನಲ್ಲೇ ಹೇಳಿದೆ. ಅಧಿಕಾರಿ ಎಳನೀರನ್ನು ಕೆಳಗಿಟ್ಟು ನೆಟ್ಟಗೆ ಕಾಲುವೆಗೆ ನಡೆದರು. ಗಿರಣಿಯ ಹಿಂದೆ ಹೋದರು. ವಾಪಸು ಬಂದಾಗ ಅವರ ಮುಖ ಕೆಂಪಗಿತ್ತು. ಕುಡಿಯುವ ನೀರು ಹೀಗಾದರೆ ಕಾಲರಾ ಬಂದು ಊರೇ ಖಾಲಿಯಾಗುತ್ತದೆ, ಇವತ್ತೇ ನಿಯಮ ಮಾಡಿ ಮಂಜೂರಿಗೆ ಕಳಿಸಿ ಎಂದರು.

ಮಾಡಿದರು. ಒಂದೇ ಗಂಟೆಯಲ್ಲಿ ಮಾಡಿದರು! ಅಷ್ಟು ತಿಂಗಳು ನಕ್ಕವರೇ ಕೈ ಎತ್ತಿದರು. ಲೈಸೆನ್ಸ್ ಒಪ್ಪಿದರು, ದೊಡ್ಡಿ ಊರ ಹೊರಗೆ ಎಂಬುದನ್ನು ಒಪ್ಪಿದರು, ಕಾಲುವೆಯ ಮಾತನ್ನು ಒಪ್ಪಿದರು. ಹೆಣ್ಣು ನಾಯಿಯ ಸೂಲಿನ ಮಾತನ್ನು ಹೊಡೆದು ಹಾಕಿದರು, ಅದು ಯಜಮಾನನ ಸ್ವಂತ ವಿಚಾರ ಎಂದರು. ಕೆಲಸದವನನ್ನು ದವಾಖಾನೆಗೆ ಕಳಿಸುವ ಮಾತನ್ನೂ ಹೊಡೆದು ಹಾಕಿದರು. "ಅದು ನಾಯಿಯ ನಿಯಮದಾಗ ಬರಂಗಿಲ್ರಿ," ಎಂದರು ಪ್ರೆಸಿಡೆಂಟರು. ಆ ಹೆಂಗಸು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನೀರಿಗಾಗಿ ಕಾಯಿದೆ ಬಂತು, ಅವಳ ಗಂಡನಿಗಾಗಿ ಬರಲಿಲ್ಲ. ಅಧಿಕಾರಿಗೆ ನಾನು ಅದನ್ನೂ ಹೇಳಿದೆ. ಅವರು ಗಡಿಯಾರ ನೋಡಿಕೊಂಡು, ಆದಷ್ಟು ಆಗಿದೆಯಲ್ಲ ಎಂದರು. ಆದಷ್ಟು ಆಗಿದೆ ಎನ್ನುವವರ ಮೇಲೆ ನನಗೆ ಬಂದಷ್ಟು ಸಿಟ್ಟು ಏನೂ ಆಗದಂತೆ ತಡೆದವರ ಮೇಲೂ ಬಂದಿಲ್ಲ.

ಮಂಜೂರಿ ಬರುವುದರೊಳಗೆ ಸಾಹುಕಾರರು ದೊಡ್ಡಿಯನ್ನೇ ಎತ್ತಿದರು. ಸಂಡೂರು ಬೇರೆ ಸಂಸ್ಥಾನ, ಮದರಾಸಿನ ಕಾಯಿದೆ ಅಲ್ಲಿಗೆ ನಡೆಯುವುದಿಲ್ಲ. ಗಡಿಯಾಚೆ, ಬಂಡ್ರಿಗೆ ಹೋಗುವ ದಾರಿಯಲ್ಲಿ ಅವರಿಗೊಂದು ಹೊಲವಿತ್ತು. ಲಾರಿಗಳಲ್ಲಿ ನಾಯಿಗಳನ್ನು ತುಂಬಿ ಅಲ್ಲಿಗೆ ಸಾಗಿಸಿದರು. ನಮ್ಮ ಬೀದಿಯಲ್ಲೇ ಹೋದವು. ಹಿಂದಿನ ಲಾರಿಯಲ್ಲಿ ಆ ಜೋತುಬಿದ್ದ ಹೆಣ್ಣು ನಾಯಿಗಳು, ಒಂದರ ಮೇಲೊಂದು. ಸಾಹುಕಾರರು ಮುಂದಿನ ಸೀಟಿನಿಂದ ನನಗೆ ಕೈ ಮುಗಿದು, "ಊರ ಹೊರಗ ಹೊಂಟೀವ್ರಿ ತಾಯೀ, ನಿಮ್ಮ ಕಾಯಿದೆ ಪ್ರಕಾರ," ಎಂದರು. ನಗುತ್ತಿದ್ದರು.

ನಾನು ಬಾಗಿಲು ಹಾಕಿಕೊಂಡು ಕೂತುಬಿಟ್ಟೆ. ಅವಳು ಹೊರಗಿನಿಂದ ಬಂದು ತನ್ನ ಎರಡು ಸೀರೆ, ಒಂದು ನೀರಿನ ಚರಿಗೆ ಗಂಟು ಕಟ್ಟಿದಳು.

"ಎಲ್ಲಿಗೆ?" ಎಂದೆ.

"ನಮ್ಮೂರಿಗ್ರಿ. ಅಂವ ನಮ್ಮೂರ ಹಾದ್ಯಾಗ ಹೋಗಿ ಕುಂತಾನಲ್ಲ. ಅಲ್ಲಿ ನನಗ ಜನ ಅದಾರ."

ಅವಳನ್ನು ಮತ್ತೆ ನಾನು ನೋಡಿದ್ದು ಮುಂದಿನ ಮಳೆಗಾಲ ಕಳೆದ ಮೇಲೆ. ಮೈ ಕೈ ತುಂಬಿಕೊಂಡಿದ್ದಳು. ಹಿತ್ತಿಲ ಕಟ್ಟೆಯ ಮೇಲೆ ಕೂತು, ಬುತ್ತಿ ಬಿಚ್ಚಿ ನನ್ನ ಮಕ್ಕಳಿಗೆ ಶೇಂಗಾ ಹಂಚಿ, ಎಲ್ಲ ಹೇಳಿದಳು. ಊರಿಗೆ ಹೋದವಳೇ ಹಿರಿಯರೆಲ್ಲ ಕೂಡಿದಾಗ ನಡುವೆ ನಿಂತು ಗಂಡನ ಕಥೆ ಹೇಳಿದ್ದಳು. ಕೈ ಹೇಗಿತ್ತು, ಪಂದ್ಯ ಹೇಗೆ ನಡೆಯಿತು, ಲೋಟ ಹೇಗೆ ಹಿಡಿದಿದ್ದಳು, ಒಂದನ್ನೂ ಬಿಡದೆ. ಬಂಡ್ರಿಯಿಂದ ಯಾರೂ ಆ ದೊಡ್ಡಿಯ ಕೆಲಸಕ್ಕೆ ಹೋಗಕೂಡದು ಎಂದು ತೀರ್ಮಾನವಾಯಿತು. ಸಾಹುಕಾರರು ಕೂಲಿ ಹೆಚ್ಚು ಮಾಡಿದರು. ಯಾರೂ ಹೋಗಲಿಲ್ಲ. ಕುರೆಕುಪ್ಪದ ಕಡೆಯಿಂದ ಆಳು ತಂದರು. ಅವರು ಸಂತೆಗೆ ಬಂದಾಗ ಇವಳು ಅವರಿಗೂ ಹೇಳಿದಳು. ಅವರೂ ಬಿಟ್ಟರು.

"ಮಾಂಸ ಬೇಸಾಕ ಮಂದಿ ಇಲ್ಲ, ಹೊಲಸು ಬಳ್ಯಾಕ ಮಂದಿ ಇಲ್ಲ. ಆ ಸಾಹುಕಾರನ ಬಗ್ಗಿ ಬಳ್ಯಾಕ ಹತ್ತಿದ್ದನ್ನ ನಾ ಕಣ್ಣಾರೆ ಕಂಡೀನ್ರಿ," ಎಂದಳು. "ಆಮ್ಯಾಲ ನಾಯಿಗಳನ್ನ ಮಾರಿ ಕೈ ತೊಳಕೊಂಡ."

ಪಂದ್ಯದ ನಾಯಿಗಳನ್ನು ಯಾರು ಯಾರೋ ಕೊಂಡೊಯ್ದಿದ್ದರು. ಹೆಣ್ಣು ನಾಯಿಗಳನ್ನು ಯಾರೂ ಕೊಳ್ಳಲಿಲ್ಲ. ಬಾಗಿಲು ತೆರೆದು ಗುಡ್ಡಕ್ಕೆ ಅಟ್ಟಿಬಿಟ್ಟಿದ್ದರು. ಬಹಳಷ್ಟು ಅಲ್ಲೇ ಸತ್ತವು. ಒಂದು ಇವಳ ಮನೆಯ ಹಿಂದೆ ಬಂದು ಬಿದ್ದಿತ್ತಂತೆ.

"ಹೊಡೆದು ಓಡಿಸಲಿಲ್ಲವೇನು?" ಎಂದೆ. ಅವಳ ಗಂಡ ಸತ್ತದ್ದು ನಾಯಿಯಿಂದ.

"ಯಾಕ್ ಹೊಡೀಲ್ರಿ? ಅದೂ ಆ ಸಾಹುಕಾರನ ಮನ್ಯಾಗ ದುಡಿದು ಸೋತದ್ದ. ಒಂದು ಮೂಲ್ಯಾಗ ಬಿದ್ದಿರತೈತಿ. ಅಂಬಲಿ ಹಾಕ್ತೀನಿ."

ಇಷ್ಟಕ್ಕೆ ತೃಪ್ತಿಪಟ್ಟುಕೊಳ್ಳಬಹುದಿತ್ತು. ನನಗಾಗಲಿಲ್ಲ. ಒಬ್ಬ ಸಾಹುಕಾರ ಸೋತ, ಸರಿ. ಅವನ ನಾಯಿಗಳನ್ನು ಕೊಂಡವರು ತಮ್ಮ ತಮ್ಮ ಊರಲ್ಲಿ ದೊಡ್ಡಿ ಕಟ್ಟಿದ್ದರು. ಪ್ರತಿ ಊರಲ್ಲೂ ಇವಳಂಥ ಒಬ್ಬಳು ವಿಧವೆಯಾಗಬೇಕೇ, ಆಮೇಲೆ ಊರೂರು ತಿರುಗಿ ಬಾಯಿ ಸೋಲುವ ತನಕ ಹೇಳಬೇಕೇ? ಹಾಗಾದರೆ ಕಾಯಿದೆ ಮಾಡುವವರು ಇರುವುದು ಯಾಕೆ?

"ಬಳ್ಳಾರಿಗೆ ನನ್ನ ಜೊತೆ ಬರುತ್ತೀಯಾ? ಇಡೀ ಜಿಲ್ಲೆಗೆ ಒಂದೇ ನಿಯಮ ಬೇಕು ಎಂದು ಮೇಲಿನವರಿಗೆ ಹೇಳೋಣ. ಕೆಲಸದವರ ಮಾತೂ ಅದರಲ್ಲಿ ಇರಬೇಕು," ಎಂದೆ.

ಬಂದಳು. ಇಬ್ಬರೂ ರೈಲಿನಲ್ಲಿ ಹೋದೆವು. ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತೆವು. ಕರೆದಾಗ ಅವಳು ನನಗಿಂತ ಚೆನ್ನಾಗಿ ಮಾತಾಡಿದಳು. ದೊಡ್ಡ ಅಧಿಕಾರಿ ಕೊನೆಯವರೆಗೆ ಕೇಳಿದರು, ಬಹಳ ವ್ಯಸನದ ವಿಷಯ ಎಂದರು, ನೋಡೋಣ ಎಂದರು. ಅವರ ಕಾಲ ಬಳಿ, ಜಮಖಾನದ ಮೇಲೆ, ಉದ್ದ ಮುಖದ ಬೇಟೆನಾಯಿಯೊಂದು ಮಲಗಿತ್ತು.

ಹೊರಗೆ ಬಂದ ಮೇಲೆ ಅವಳು, "ನೋಡ್ತಾರಂತೇನ್ರಿ?" ಎಂದಳು.

ಹೂಂ ಎನ್ನಲು ನನಗೆ ಬಾಯಿ ಬರಲಿಲ್ಲ. "ಇಲ್ಲ," ಎಂದೆ.

"ಹಂಗಾರ ಮತ್ತ ಬರಾನು," ಎಂದು ಸೆರಗು ಸುತ್ತಿಕೊಂಡು ಸ್ಟೇಷನ್ನಿನ ಕಡೆ ನಡೆದಳು. ನಾವು ಮತ್ತೆ ಹೋದೆವು. ಅದರ ಮುಂದಿನ ವರ್ಷವೂ ಹೋದೆವು. ಅಧಿಕಾರಿಗಳು ಬದಲಾದರು, ಯುದ್ಧ ಶುರುವಾಯಿತು, ಈಗ ನಾಯಿಯ ಮಾತಾಡುವ ಕಾಲವೇ ಎಂದು ಹೇಳಿ ಕಳಿಸಿದರು. ಅದಕ್ಕೆ ತಕ್ಕ ಕಾಲ ಯಾವುದು ಎಂದು ಇಂದಿನವರೆಗೆ ಯಾರೂ ನನಗೆ ತಿಳಿಸಿಲ್ಲ.